ಟಿ480ರಲ್ಲಿ ಸರಿ, ಫೋನಿನಲ್ಲಿ ರಾಚುವ ಬಣ್ಣ: ಮೊದಲು ಪ್ಯಾನೆಲ್ ನೋಡಿ

ತೊಂದರೆ ಬಹುಶಃ ಪರದೆಯದ್ದು, ನಿಮ್ಮ ಎಡಿಟಿಂಗಿನದ್ದಲ್ಲ. ನೀವು ಕೊಳ್ಳಬೇಕೆಂದಿರುವ, ಅಂಗಡಿಯ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪಿನಲ್ಲಿ ತಿದ್ದಿದ ಪ್ರವಾಸದ ಫೋಟೋ ಫೋನಿನಲ್ಲಿ ಕಣ್ಣಿಗೆ ರಾಚುತ್ತದೆ ಅಂದಿದ್ದೀರಿ ಅಲ್ವಾ? ಆ ಮಾಡೆಲ್‌ನ ಸಾಮಾನ್ಯ ಫುಲ್ ಎಚ್‌ಡಿ ಪ್ಯಾನೆಲ್ (ಪರದೆಯ ಫಲಕ) ತೋರಿಸುವುದು ಎನ್‌ಟಿಎಸ್‌ಸಿ (ಪರದೆಯ ಬಣ್ಣದ ವ್ಯಾಪ್ತಿ ಅಳೆಯುವ ಒಂದು ಮಾನದಂಡ) ಬಣ್ಣಗಳಲ್ಲಿ ಸುಮಾರು 45% ಮಾತ್ರ. ಕೆಂಪು ದಾಸವಾಳ ಅದರಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಸಾಲದು ಅಂತ ನಾವು ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತಾ ಹೋಗುತ್ತೇವೆ. ಕ್ಯಾಲಿಬ್ರೇಷನ್ (ಪರದೆಯ ಬಣ್ಣ ಸರಿಹೊಂದಿಸುವುದು) ಮಾಡಿಸಿದರೂ ಪ್ಯಾನೆಲ್‌ನಲ್ಲಿ ಇಲ್ಲದ ಬಣ್ಣ ಹುಟ್ಟುವುದಿಲ್ಲ.

ಆದರೆ ಫೋನೇ ಸುಳ್ಳು ಹೇಳುತ್ತಿರಬಹುದು. ಅದರ ಡಿಸ್‌ಪ್ಲೇ 'ವಿವಿಡ್' ಇದ್ದರೆ 'ನ್ಯಾಚುರಲ್'ಗೆ ತನ್ನಿ, ಲ್ಯಾಪ್‌ಟಾಪಿನಲ್ಲಿ ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಆಫ್ ಮಾಡಿ, ಮತ್ತೆ ಹೋಲಿಸಿ.

ವ್ಯತ್ಯಾಸ ಹಾಗೇ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್‌ನ ಹಾರ್ಡ್‌ವೇರ್ ಐಡಿ ನೋಡಿ, ಆ ಕೋಡನ್ನು ನೆಟ್‌ನಲ್ಲಿ ಹುಡುಕಿ. 72% ಎನ್‌ಟಿಎಸ್‌ಸಿ ಅಥವಾ 100% ಎಸ್‌ಆರ್‌ಜಿಬಿ (ಬಣ್ಣದ ಇನ್ನೊಂದು ಮಾನದಂಡ) ಅಂತಿದ್ದರೆ ಧಾರಾಳವಾಗಿ ತಗೊಳ್ಳಿ. 45% ಇದ್ದರೆ, ಒಳ್ಳೆ ಪ್ಯಾನೆಲ್ ಹಾಕಿಕೊಡಲು ಎಷ್ಟಾಗುತ್ತದೆ ಅಂತ ಅಂಗಡಿಯವರನ್ನೇ ಕೇಳಿ, ಅಷ್ಟಕ್ಕೆ ಚೌಕಾಸಿ ಮಾಡಿ. ಟಚ್ ಇಲ್ಲದ ಫುಲ್ ಎಚ್‌ಡಿ ಟಿ480ಕ್ಕೆ 14 ಇಂಚಿನ, 30 ಪಿನ್‌ನ ಕನೆಕ್ಟರ್ ಇರುವ ಪ್ಯಾನೆಲ್ ಬೇಕು. ಟಚ್ ಇದ್ದರೆ 40 ಪಿನ್, ಸುಮ್ನೆ ತಂದರೆ ಕೂರುವುದಿಲ್ಲ.

ರ್‍ಯಾಮ್ 8 ಜಿಬಿ ಇದ್ದರೆ ಚಿಂತೆ ಬೇಡ, ಎರಡು ಸ್ಲಾಟ್ ಇವೆ, ಆಮೇಲೆ ಹಾಕಿಸಬಹುದು. ಬ್ಯಾಟರಿಯನ್ನು ಮಾತ್ರ ಅಲ್ಲೇ ಪರೀಕ್ಷಿಸಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್' ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಅದು ಉಳಿಸುವ ವರದಿಯ ಫೈಲ್ ತೆರೆದರೆ, ಒಳಗಿನದೊಂದು, ಹಿಂದಿನದೊಂದು, ಹೀಗೆ ಎರಡು ಬ್ಯಾಟರಿ ಕಾಣಬೇಕು. ಯಾವುದಾದರೂ ಒಂದರ ಫುಲ್ ಚಾರ್ಜ್ ಸಾಮರ್ಥ್ಯ ಡಿಸೈನ್ ಸಾಮರ್ಥ್ಯದ ಅರ್ಧಕ್ಕಿಂತ ಕೆಳಗಿದ್ದರೆ ಬದಲಿಸಿಕೊಡಿ ಅನ್ನಿ.