ಕಾಲೇಜು ಬ್ಯಾಸ್ಕೆಟ್‌ಬಾಲ್ ರೆಫರಿಗಳಿಗೆ ಹೆಚ್ಚು ದುಡ್ಡು ಕೊಟ್ಟರೆ ತೀರ್ಪು ಸರಿಯಾಗುತ್ತಾ?

ಒಹಾಯೋದಲ್ಲಿ ಎರಡು ವರ್ಷದಿಂದ ಹೈಸ್ಕೂಲ್ ಆಟಗಳಿಗೆ ರೆಫರಿ ಆಗಿದ್ದೀರಿ, ಈಗ ಕಾಲೇಜು ಮಟ್ಟದ ರೆಫರಿ ತರಬೇತಿ ಕ್ಯಾಂಪಿಗೆ ಕರೆ ಬಂದಿದೆ, ಆಫೀಸಿನ ಕೆಲಸ ಅರ್ಧಕ್ಕೆ ಇಳಿಸಿ ಇದಕ್ಕೇ ಇಳಿಯಲಾ ಅಂತ ಕೇಳಿದ್ದೀರಿ. ಜೊತೆಗೆ, ದೊಡ್ಡ ಕಾಲೇಜುಗಳಲ್ಲಿ ಒಂದು ಆಟಕ್ಕೆ 3,000 ಡಾಲರ್ ಕೊಡ್ತಾರೆ, ಅಷ್ಟು ಕೊಡೋದರಿಂದಲೇ ಅಲ್ಲಿ ತೀರ್ಪು ಚೆನ್ನಾಗಿರುತ್ತೆ ಅಂದಿದ್ದೀರಿ. ಓದ್ತಾ ಓದ್ತಾ 2016ರ ನನ್ನನ್ನೇ ನೋಡಿದ ಹಾಗಾಯ್ತು. ಅದೇ ಕೊಲಂಬಸ್, ಅದೇ ಲೆಕ್ಕ.

ನಾನು ಬೆಂಗಳೂರಲ್ಲಿ ಕಾಲೇಜು ತಂಡಕ್ಕೆ ಆಡಿದವನು. ಇಲ್ಲಿಗೆ ಬಂದು ಹತ್ತು ವರ್ಷ ಕೋರ್ಟಿನ ಹತ್ತಿರ ಹೋಗಿರಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಸೀಟಿ ಹಿಡಿದೆ. (ಎಚ್-1ಬಿಯಲ್ಲೋ ವಿದ್ಯಾರ್ಥಿ ವೀಸಾದಲ್ಲೋ ಇದ್ದು ಇದನ್ನು ಓದ್ತಿರೋರಿಗೆ ಒಂದು ಮಾತು. ರೆಫರಿಗೆ ಕೊಡೋ ದುಡ್ಡು 1099 ಆದಾಯ, ಅಂದರೆ ಸ್ವತಂತ್ರ ಗುತ್ತಿಗೆದಾರನ ದುಡಿಮೆ. ನಿಮ್ಮ ವೀಸಾ ಅದಕ್ಕೆ ಅನುಮತಿ ಕೊಡಲ್ಲ. ಶನಿವಾರದ 70 ಡಾಲರಿಗೆ ಆ ಅಪಾಯ ತಗೋಬೇಡಿ.) ಮೂರನೇ ಸೀಸನ್ನಿಗೆ ಡಿವಿಷನ್ 3 ಗಂಡಸರ ಆಟಗಳು ಸಿಕ್ಕವು. ಚಿಕ್ಕ ಕಾಲೇಜುಗಳು, ಸ್ಕಾಲರ್‌ಶಿಪ್ ಇಲ್ಲದೆ ಆಡೋ ಹುಡುಗರು, ಒಂದು ಆಟಕ್ಕೆ 200 ಡಾಲರಿನ ಆಸುಪಾಸು. ಅದರ ಜೊತೆಗೆ ಇನ್ನೊಬ್ಬ ಅಸೈನರ್ (ಯಾವ ಆಟಕ್ಕೆ ಯಾವ ರೆಫರಿ ಅಂತ ಹಂಚೋರು) ಹತ್ತಿರ ಹೆಂಗಸರ ಕಾಲೇಜು ಆಟಗಳನ್ನೂ ಒಪ್ಪಿಕೊಂಡೆ, 170 ಡಾಲರಿಗೆ. ಹೈಸ್ಕೂಲ್ ಆಟಗಳನ್ನೂ ಬಿಡಲಿಲ್ಲ.

2018ರ ಫೆಬ್ರವರಿ, ಒಂದು ಶನಿವಾರ. ಮಧ್ಯಾಹ್ನ 1 ಗಂಟೆಗೆ ಹೆಂಗಸರ ಆಟ. ಸಂಜೆ 7ಕ್ಕೆ, ನೂರು ಮೈಲಿ ಆಚೆ ಗಂಡಸರ ಆಟ. ಹಿಂದಿನ ರಾತ್ರಿ ಹೈಸ್ಕೂಲ್ ಆಟ ಮುಗಿಸಿ ಮನೆ ಸೇರಿದಾಗ ಹನ್ನೊಂದೂವರೆ. ಒಟ್ಟು 450 ಡಾಲರಿನ ವಾರಾಂತ್ಯ ಅಂತ ಹೆಂಡತಿಗೆ ಹೇಳಿ ಹೊರಟಿದ್ದೆ. ಮಧ್ಯಾಹ್ನದ ಆಟ ಚೆನ್ನಾಗೇ ಆಯ್ತು. ಸ್ನಾನ ಮಾಡೋಕೆ ಹೊತ್ತಿಲ್ಲ, ಅಂಗಿ ಮಾತ್ರ ಬದಲಾಯಿಸಿ, ಒಂದು ಬಾಳೆಹಣ್ಣು ತಿಂದು, ರಸ್ತೆ ಉಪ್ಪು ಮೆತ್ತಿದ ವಿಂಡ್‌ಶೀಲ್ಡ್ ಒರೆಸ್ಕೊಂಡು ಹಿಮದಲ್ಲಿ ಎರಡೂವರೆ ಗಂಟೆ ಓಡಿಸಿದೆ.

ಇಲ್ಲಿ ನಿಯಮ ಸ್ವಲ್ಪ ಬಿಡಿಸಿ ಹೇಳ್ತೀನಿ, ನನ್ನ ತಪ್ಪು ಅದರೊಳಗೇ ಇದೆ. ಹೈಸ್ಕೂಲ್ ನಿಯಮ ಮಾತ್ರ ಗೊತ್ತಿರೋರಿಗೆ ಇದು ಮುಖ್ಯ.

ಹೆಂಗಸರ ಕಾಲೇಜು ಆಟ 2015-16ರಿಂದ ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲ್ ಆಯ್ತಾ, ಅಲ್ಲಿಂದ ಎದುರಾಳಿಗೆ ನೇರವಾಗಿ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯೋ ಅವಕಾಶ. ಗಂಡಸರ ಆಟ ಇಪ್ಪತ್ತಿಪ್ಪತ್ತು ನಿಮಿಷದ ಎರಡು ಹಾಫ್. ಅಲ್ಲಿ ಫೌಲ್ ಲೆಕ್ಕ ಹಾಫ್ ಪೂರ್ತಿ ನಡೆಯುತ್ತೆ. ಏಳು, ಎಂಟು, ಒಂಬತ್ತನೇ ಫೌಲಿಗೆ ಒನ್-ಅಂಡ್-ಒನ್. ಮೊದಲನೇದು ಬಿದ್ದರೆ ಮಾತ್ರ ಎರಡನೇದು, ತಪ್ಪಿದರೆ ಚೆಂಡು ಜೀವಂತ, ಯಾರು ಹಿಡಿದರೆ ಅವರದ್ದು. ಹತ್ತನೇ ಫೌಲಿನಿಂದ ಎರಡು. ಆ ಮಧ್ಯಾಹ್ನ ಹನ್ನೆರಡೋ ಹದಿಮೂರೋ ಸಲ 'ಟೂ ಶಾಟ್ಸ್' ಅಂತ ಎರಡು ಬೆರಳು ಎತ್ತಿದ್ದೆ. ಒಂದು ಸಲವೂ 'ಒನ್-ಅಂಡ್-ಒನ್' ಅಂದಿರಲಿಲ್ಲ, ಆ ಆಟದಲ್ಲಿ ಅದು ಇಲ್ಲವೇ ಇಲ್ಲ.

ರಾತ್ರಿಯ ಆಟ, ಎರಡನೇ ಹಾಫ್, ನಾಲ್ಕು ನಿಮಿಷ ಚಿಲ್ಲರೆ ಬಾಕಿ. ಆತಿಥೇಯ ತಂಡದ ಏಳನೇ ಫೌಲ್. ಬೋರ್ಡಿನಲ್ಲಿ ಬೋನಸ್ ದೀಪ ಹತ್ತಿತು, ಇನ್ನು ಫೌಲಿಗೆ ಫ್ರೀ ಥ್ರೋ ಅನ್ನೋ ಗುರುತು. ನಾನು ಲೀಡ್, ಅಂದರೆ ಬುಟ್ಟಿಯ ಕೆಳಗಿನ ಬೇಸ್‌ಲೈನ್ ರೆಫರಿ. ಚೆಂಡು ಕೈಯಲ್ಲಿ ಹಿಡಿದು ಎಷ್ಟು ಶಾಟ್ ಅಂತ ಹೇಳೋದು ನನ್ನ ಕೆಲಸ. ಒನ್-ಅಂಡ್-ಒನ್ ಆದರೆ ಎರಡೂ ಕೈಯ ತೋರುಬೆರಳು ತೋರಿಸಬೇಕು. ನಾನು ಒಂದೇ ಕೈಯ ಎರಡು ಬೆರಳು ಎತ್ತಿ 'ಟೂ' ಅಂದೆ. ದೀಪ ನೋಡಿದ್ದೆ. ಆದರೆ ನನ್ನ ತಲೆಯಲ್ಲಿ ಬೋನಸ್ ಅಂದರೆ ಎರಡು ಅನ್ನೋದು ಮಧ್ಯಾಹ್ನವೇ ಕೂತುಬಿಟ್ಟಿತ್ತು. ಎದುರು ತಂಡದ ಹುಡುಗ ಶೂ ಅಡಿಯನ್ನು ಅಂಗೈಯಲ್ಲಿ ಒರೆಸಿಕೊಂಡು, ಮೂರು ಸಲ ಪುಟಿಸಿ ಎಸೆದ. ರಿಂಗಿನ ಹಿಂಭಾಗಕ್ಕೆ ತಗುಲಿ ಹೊರಗೆ ಬಂತು. ಸಾಲಿನಲ್ಲಿ ನಿಂತ ಯಾರೂ ಅಲುಗಲಿಲ್ಲ, ಎರಡು ಅಂತ ನಾನು ಹೇಳಿದ್ದೆನಲ್ಲ. ಚೆಂಡು ತಗೊಂಡು ವಾಪಸ್ ಅವನಿಗೆ ಪುಟಿಸಿದೆ. ಎರಡನೇದು ಬಿತ್ತು.

ಇದು ತಿದ್ದಬಹುದಾದ ತಪ್ಪು. ಹಕ್ಕಿಲ್ಲದ ಫ್ರೀ ಥ್ರೋ ಕೊಟ್ಟರೆ ಅದನ್ನು ರದ್ದು ಮಾಡೋಕೆ ನಿಯಮದಲ್ಲೇ ಒಂದು ಕಿಟಕಿ ಇಟ್ಟಿದ್ದಾರೆ. ಗಡಿಯಾರ ಮತ್ತೆ ಓಡಿ, ಆಮೇಲೆ ಚೆಂಡು ಮೊದಲ ಸಲ ಡೆಡ್ ಆದಾಗ, ಅಂದರೆ ಆಟ ನಿಂತಾಗ, ಗೊತ್ತಾದರೂ ಸಾಕು, ಆ ಪಾಯಿಂಟ್ ತೆಗೆಯಬಹುದು. ಅಲ್ಲಿಂದ ಚೆಂಡು ಮತ್ತೆ ಲೈವ್ ಆಯ್ತೋ, ಕಿಟಕಿ ಮುಚ್ಚಿತು. ಆತಿಥೇಯರು ಚೆಂಡು ಒಳಗೆ ಕೊಟ್ಟು ಆ ಕಡೆ ಓಡಿದರು, ಯಾರದ್ದೋ ಕೈ ತಾಗಿ ಹೊರಗೆ ಹೋಯ್ತು. ಅವರ ಸಹಾಯಕ ಕೋಚ್ ಬೆಂಚಿನಿಂದ ಎದ್ದು 'ಒನ್! ಒನ್!' ಅಂತ ಕೂಗ್ತಾ ಇದ್ದ. ನನಗೆ ಕೇಳಿಸಿತು. ಇಡೀ ಹಾಫ್ ಕೂಗಿದ್ದವನೇ, ಇನ್ಯಾವುದೋ ದೂರು ಅಂದುಕೊಂಡೆ. ಎಂಟು ಸೆಕೆಂಡ್ ತಿರುಗಿ ನೋಡಿದ್ದರೆ ಸಾಕಿತ್ತು. ನೋಡದೆ ಬೇಗ ಚೆಂಡು ಕೊಟ್ಟು ಆಟ ಶುರು ಮಾಡಿಸಿದೆ, ಯಾಕೆಂದರೆ ಕಾಲು ನೋಯ್ತಿತ್ತು, ಆಟ ಮುಗಿದರೆ ಸಾಕಾಗಿತ್ತು. ನನ್ನ ಜೊತೆಗಿದ್ದ ಇಬ್ಬರೂ ಗಮನಿಸಲಿಲ್ಲ, ಸ್ಕೋರ್ ಬರೆಯೋ ಟೇಬಲಿನವರೂ ಬಜರ್ ಒತ್ತಲಿಲ್ಲ. ಆದರೂ ಬಾಯಿಂದ 'ಟೂ' ಅಂದವನು ನಾನು, ಆ ಕೂಗು ಕೇಳಿಸಿಕೊಂಡವನೂ ನಾನು.

ಮುಂದಿನ ಟೈಮ್‌ಔಟಿನಲ್ಲಿ ನಮ್ಮ ಮೂವರ ಮುಖ್ಯಸ್ಥ, ಕ್ರೂ ಚೀಫ್, ಸ್ಕೋರ್ ಪುಸ್ತಕ ನೋಡಿ ಮುಖ ಎತ್ತಿದರು. ಇನ್ನು ಏನೂ ಮಾಡೋಕಾಗಲ್ಲ ಅಂದರು. ಅವರ ಜೊತೆ ಹೋಗಿ ಆತಿಥೇಯರ ಕೋಚಿಗೆ ನಾನೇ ಹೇಳಿದೆ. ಆತ ಕೂಗಲಿಲ್ಲ. ಕೈ ಕಟ್ಟಿ ನಿಂತು, ಈಗ ನನ್ನ ಹುಡುಗರಿಗೆ ಏನು ಹೇಳಲಿ ಅಂತ ಕೇಳಿದ. ಆಟ 68-68ಕ್ಕೆ ಸಮ ಆಯ್ತು. ಓವರ್‌ಟೈಮಿನಲ್ಲಿ ಆತಿಥೇಯರು ಐದು ಪಾಯಿಂಟಿನಿಂದ ಸೋತರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಆ ಆಟದ ದುಡ್ಡು ಎರಡು ವಾರದಲ್ಲಿ ಪೂರ್ತಿ ಖಾತೆಗೆ ಬಂತು. ಒಂದು ಡಾಲರ್ ಕಮ್ಮಿ ಇಲ್ಲ. ಆ ರಾತ್ರಿ ನಾನು ನನ್ನ ಜೀವನದ ಅತ್ಯುತ್ತಮ ಆಟ ನಡೆಸಿದ್ದರೂ ಅಷ್ಟೇ ಬರ್ತಿತ್ತು. ಸೋಮವಾರ ಅಸೈನರ್ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು, ಅವತ್ತು ಬೇರೆ ಆಟ ಮಾಡಿದ್ದೆಯಾ ಅಂತ. ಹೌದು ಅಂದೆ. ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದು ಇಟ್ಟರು. ದಂಡ ಇಲ್ಲ, ವಿಚಾರಣೆ ಇಲ್ಲ, ಪತ್ರ ಇಲ್ಲ. ಮುಂದಿನ ಸೀಸನ್ನಿನ ಪಟ್ಟಿ ಬಂದಾಗ 22 ಆಟ ಇದ್ದಿದ್ದು 6 ಆಗಿತ್ತು. ಗುತ್ತಿಗೆದಾರನನ್ನು ಯಾರೂ ಕೆಲಸದಿಂದ ತೆಗೆಯಲ್ಲ, ಕರೆಯೋದು ನಿಲ್ಲಿಸ್ತಾರೆ ಅಷ್ಟೇ. ಅದರಿಂದ ಮೇಲೆ ಬರೋಕೆ ನನಗೆ ನಾಲ್ಕು ವರ್ಷ ಹಿಡೀತು.

ಆದ್ದರಿಂದ ಹೆಚ್ಚು ದುಡ್ಡು ಕೊಟ್ಟರೆ ತೀರ್ಪು ಚೆನ್ನಾಗುತ್ತೆ ಅನ್ನೋ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಮೊತ್ತ ಎಷ್ಟು ಅನ್ನೋದಲ್ಲ, ಯಾವ ಲೆಕ್ಕದಲ್ಲಿ ಕೊಡ್ತಾರೆ ಅನ್ನೋದೇ ತೊಂದರೆ. ಮೇಲಿನ ಡಿವಿಷನ್ 1 ನೋಡಿ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ (ತಮ್ಮತಮ್ಮಲ್ಲಿ ಆಡೋ ಕಾಲೇಜುಗಳ ಗುಂಪು) ಆಟಕ್ಕೆ 2,000ದಿಂದ 3,000 ಡಾಲರ್, ಕೆಲವರಿಗೆ ಅದಕ್ಕೂ ಮೇಲೆ ಅಂತ ಪತ್ರಿಕೆಗಳಲ್ಲೇ ಬಂದಿದೆ. ಆದರೆ ಅವರೂ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎಯ ನೌಕರರಲ್ಲ. ಕಾನ್ಫರೆನ್ಸ್ ಕೋಆರ್ಡಿನೇಟರ್‌ಗಳು ಹಂಚೋ ಆಟಕ್ಕೆ ಹೋಗೋ ಗುತ್ತಿಗೆದಾರರೇ. ಹೆಸರಿರೋ ರೆಫರಿ ನವೆಂಬರಿನಿಂದ ಮಾರ್ಚ್ ಒಳಗೆ 80, 90 ಆಟ ಮಾಡ್ತಾರೆ. ಇವತ್ತು ಒಂದು ರಾಜ್ಯ, ನಾಳೆ ಬೆಳಿಗ್ಗೆ ವಿಮಾನ, ರಾತ್ರಿ ಇನ್ನೊಂದು ರಾಜ್ಯ. 3,000 ಸಿಗುತ್ತೆ ಅಂದಾಗ ಬೇಡ ಅನ್ನೋದು 200 ಡಾಲರಿಗೆ ಬೇಡ ಅನ್ನೋದಕ್ಕಿಂತ ಕಷ್ಟ. ವೃತ್ತಿಪರ ಲೀಗ್ ಎನ್‌ಬಿಎಯ ರೆಫರಿಗಳು ಲೀಗಿನ ನೌಕರರು. ವರ್ಷದ ಸಂಬಳ ಇದೆ, ಯೂನಿಯನ್ ಇದೆ, ಬಿಗಿ ಪಂದ್ಯಗಳ ಕೊನೆಯ 2 ನಿಮಿಷದ ತೀರ್ಪುಗಳ ಸರಿತಪ್ಪನ್ನು ಲೀಗ್ 2015ರಿಂದ ಪ್ರಕಟಿಸ್ತಾ ಬಂದಿದೆ. ಕಾಲೇಜಿನಲ್ಲೂ ಸೀಸನ್ನಿಗೆ ಇಷ್ಟು ಅಂತ ಸಂಬಳ, ವಾರಕ್ಕೆ ಇಷ್ಟೇ ಆಟ ಅಂತ ಮಿತಿ ಬರಬೇಕು. ಅದು ಬರೋವರೆಗೂ ಫೀಸ್ ಎರಡರಷ್ಟು ಮಾಡಿದರೂ ದಣಿದ ಕಣ್ಣು ದಣಿದೇ ಇರುತ್ತೆ.

ದಣಿದ ಕಣ್ಣು ಏನು ಮಾಡುತ್ತೆ ಗೊತ್ತಾ? ಚೆಂಡನ್ನು ನೋಡುತ್ತೆ. ನಮಗೆ ಮೊದಲ ಕ್ಯಾಂಪಿನಲ್ಲೇ ಹೇಳಿಕೊಡೋದು ರಕ್ಷಣೆಯವನನ್ನು ನೋಡು ಅಂತ. ಅವನ ಕಾಲು ಎಲ್ಲಿ ಊರಿದೆ, ಎದೆ ಯಾವ ಕಡೆ ಇದೆ, ಕೈ ನೇರ ಮೇಲಿದೆಯಾ. ಬ್ಲಾಕೋ (ತಪ್ಪು ಅಡ್ಡ ನಿಂತವನದು) ಚಾರ್ಜೋ (ತಪ್ಪು ನುಗ್ಗಿದವನದು) ಅನ್ನೋದು ಅಲ್ಲೇ ತೀರ್ಮಾನ ಆಗೋದು. ಕಾಲು ಸೋತ ಮೇಲೆ ರೆಫರಿ ಅರ್ಧ ಸೆಕೆಂಡ್ ತಡವಾಗಿ ಜಾಗ ಸೇರ್ತಾನೆ, ಚೆಂಡಿನ ಹಿಂದೆ ಕಣ್ಣು ಓಡಿಸ್ತಾನೆ, ಡಿಕ್ಕಿಯ ಶಬ್ದ ಕೇಳಿ ಊಹೆಯ ಮೇಲೆ ಸೀಟಿ ಊದ್ತಾನೆ. ಆ ಶನಿವಾರದ ವಿಡಿಯೋ ನನ್ನ ಹತ್ತಿರ ಇನ್ನೂ ಇದೆ. ಕೊನೆಯ ಹತ್ತು ನಿಮಿಷ ನನ್ನ ತಲೆ ಚೆಂಡಿನ ಜೊತೆಗೇ ತಿರುಗ್ತಾ ಇರೋದು ಕಾಣುತ್ತೆ.

ದುಡ್ಡನ್ನು ಸೀಟಿಗೆ ನೇರವಾಗಿ ಕಟ್ಟಿದರೆ ಇನ್ನೂ ಕೆಟ್ಟದ್ದು. 2013ರಲ್ಲಿ ಪ್ಯಾಕ್-12 ಕಾನ್ಫರೆನ್ಸಿನ ರೆಫರಿಗಳ ಮುಖ್ಯಸ್ಥ ಎಡ್ ರಶ್, ಅರಿಝೋನಾ ಕೋಚ್ ಶಾನ್ ಮಿಲ್ಲರ್‌ಗೆ ಟೆಕ್ನಿಕಲ್ ಫೌಲ್ (ದುರ್ವರ್ತನೆಗೆ ಕೊಡೋ ಫೌಲ್) ಕೊಟ್ಟವರಿಗೆ 5,000 ಡಾಲರ್ ಅಂತ ರೆಫರಿಗಳ ಸಭೆಯಲ್ಲಿ ಅಂದರು. ಅದು ತಮಾಷೆಯ ಮಾತು ಅಂತ ಕಾನ್ಫರೆನ್ಸ್ ಹೇಳಿತು, ರಶ್ ರಾಜೀನಾಮೆ ಕೊಟ್ಟರು. ಮುಂದಿನ ವರ್ಷದ ಆಟಗಳನ್ನು ಯಾರು ಹಂಚ್ತಾರೋ ಅವರ ಬಾಯಿಂದ ಬಂದ ಮಾತು ಗುತ್ತಿಗೆದಾರನಿಗೆ ತಮಾಷೆಯಾಗಿ ಕೇಳಿಸಲ್ಲ.

ಆಫೀಸಿನ ಕೆಲಸದ ವಿಷಯ. ಅರ್ಧಕ್ಕೆ ಇಳಿಸಬೇಡಿ, ಖಂಡಿತ ಬೇಡ. ನನ್ನ ಆ ಸೀಸನ್ನಿನ ಲೆಕ್ಕ ಕೊಡ್ತೀನಿ. 61 ಆಟ, ಕೈಗೆ ಬಂದದ್ದು 8,530 ಡಾಲರ್. ಓಡಿಸಿದ್ದು 9,000 ಮೈಲಿ. ತೆರಿಗೆ ಇಲಾಖೆ ಐಆರ್‌ಎಸ್ 2018ಕ್ಕೆ ಹಾಕಿದ ಮೈಲಿಗೆ 54.5 ಸೆಂಟ್ ದರದಲ್ಲಿ ಕಾರಿನ ಖರ್ಚೇ 4,905. ಎರಡು ಕ್ಯಾಂಪಿನ ಫೀಸ್ 900, ಬಟ್ಟೆ, ಶೂ, ಸೀಟಿ 400, ಹಿಮ ಬಿದ್ದ ರಾತ್ರಿಗಳ ಮೋಟೆಲ್ 300. ಉಳಿದದ್ದು 2,025. ಅದರ ಮೇಲೆ ಸ್ವಂತ ದುಡಿಮೆಯ ತೆರಿಗೆ 15.3 ಶೇಕಡಾ ಬೇರೆ. ಹೋಗಿ ಬರೋದು ಸೇರಿ ಸುಮಾರು 350 ಗಂಟೆ. ಆರೋಗ್ಯ ವಿಮೆ ಇಲ್ಲ, ಮೊಣಕಾಲು ತಿರುಚಿದರೆ ಮಿಕ್ಕ ಸೀಸನ್ ಸೊನ್ನೆ. ಆ ವರ್ಷ ಮನೆ ನಡೆದದ್ದು ನನ್ನ ಆಫೀಸ್ ಸಂಬಳದಿಂದ, ವಿಮೆ ಬಂದದ್ದೂ ಅಲ್ಲಿಂದಲೇ.

ಮೇಲಿನವರಲ್ಲೂ ಹಲವರಿಗೆ ಇನ್ನೊಂದು ಕಸುಬು ಇರುತ್ತೆ. 2017ರಲ್ಲಿ ಕೆಂಟಕಿ ತಂಡ ನಾರ್ತ್ ಕೆರೊಲಿನಾ ಎದುರು 75-73ಕ್ಕೆ ಸೋತಾಗ ಆ ಆಟದ ರೆಫರಿ ಜಾನ್ ಹಿಗ್ಗಿನ್ಸ್ ಅವರ ಒಮಾಹಾದ ಛಾವಣಿ ಕಂಪನಿಗೆ ಅಭಿಮಾನಿಗಳು ಫೋನ್ ಮಾಡಿ ಮಾಡಿ, ಕೆಟ್ಟ ರಿವ್ಯೂ ತುಂಬಿಸಿ, ಕೊಲೆ ಬೆದರಿಕೆ ಹಾಕಿದರು. ಫೈನಲ್ ಫೋರಿನ (ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಸುತ್ತು) ರೆಫರಿಯ ಮಟ್ಟಕ್ಕೆ ಏರಿದ ಮನುಷ್ಯನಿಗೂ ಛಾವಣಿಯ ವ್ಯಾಪಾರ ಬೇಕಾಗಿತ್ತು ಅನ್ನೋದನ್ನು ನೆನಪಿಡಿ. ಆ ಫೈನಲ್ ಫೋರಿನಲ್ಲಿ ಇರೋದು ಮೂರು ಆಟ, ಆಟಕ್ಕೆ ಮೂವರು, ಒಟ್ಟು ಒಂಬತ್ತು ಜನ. ದೇಶಕ್ಕೆಲ್ಲ. ಚೆನ್ನಾಗಿ ಮಾಡಿದವರಿಗೆ ಸಿಗೋ ನಿಜವಾದ ಬಹುಮಾನ ಆ ಕರೆ. ಅದಕ್ಕಾಗಿ ಇಪ್ಪತ್ತು ವರ್ಷ ಕಾಯೋರಿದ್ದಾರೆ.

ಕ್ಯಾಂಪಿಗೆ ಹೋಗಿ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಈ ಕೆಲಸ ನನಗೆ ತುಂಬ ಪ್ರೀತಿ. ಹದಿನೆಂಟರ ಹುಡುಗರು ಮೈಮೇಲೆ ಎಚ್ಚರವಿಲ್ಲದೆ ಆಡೋವಾಗ ಅವರ ನಡುವೆ ನ್ಯಾಯವಾಗಿ ನಿಲ್ಲೋದು ದೊಡ್ಡ ಕೆಲಸ. ಆದರೆ ಗಂಡಸರದ್ದೋ ಹೆಂಗಸರದ್ದೋ ಒಂದನ್ನು ಆರಿಸಿಕೊಳ್ಳಿ, ಎರಡೂ ಬೇಡ. ನಿಯಮ ಬೇರೆ, ನಿಲ್ಲೋ ಜಾಗ ಬೇರೆ, ಕೈಸನ್ನೆಗಳೂ ಅಲ್ಲಲ್ಲಿ ಬೇರೆ. ಶನಿವಾರಕ್ಕೆ ಒಂದೇ ಆಟ. ಎರಡನೇ ಅಸೈನರ್ ಫೋನ್ ಬರೋ ಮೊದಲೇ ಕ್ಯಾಲೆಂಡರಿನಲ್ಲಿ ಆ ದಿನವನ್ನು ಮುಚ್ಚಿಟ್ಟಿರಿ. ಫ್ರೀ ಥ್ರೋ ಕೊಡೋ ಮುಂಚೆ, ಪ್ರತಿ ಸಲವೂ, ಬೋರ್ಡಿನ ಫೌಲ್ ಸಂಖ್ಯೆಯನ್ನು ಬಾಯಿಬಿಟ್ಟು ಓದಿ. ದೀಪ ನೋಡಬೇಡಿ, ಸಂಖ್ಯೆ ಓದಿ. ನಾನು ಈಗಲೂ ಹಾಗೇ ಮಾಡ್ತೀನಿ, ಪಕ್ಕದ ಆಟಗಾರರಿಗೆ ಕೇಳಿಸೋ ಹಾಗೆ. ಬೆಂಚಿನಿಂದ ಯಾರಾದರೂ ಸಂಖ್ಯೆ ಕೂಗಿದರೆ ಚೆಂಡು ಕೊಡದೆ ಟೇಬಲಿನ ಕಡೆ ನೋಡಿ.

ಕ್ಯಾಂಪಿನ ದುಡ್ಡು ಕಟ್ಟೋ ಮುಂಚೆ ಅದನ್ನು ನಡೆಸೋ ಅಸೈನರ್‌ಗೆ ಎರಡು ಪ್ರಶ್ನೆ ಕೇಳಿ. ಹೋದ ವರ್ಷ ಕ್ಯಾಂಪಿಗೆ ಬಂದವರಲ್ಲಿ ಎಷ್ಟು ಜನರನ್ನು ಪಟ್ಟಿಗೆ ತಗೊಂಡಿರಿ, ಮತ್ತು ಹೊಸಬರಿಗೆ ಮೊದಲ ವರ್ಷ ಎಷ್ಟು ಆಟ ಕೊಡ್ತೀರಿ. ಉತ್ತರ ಏನು ಬಂತು ಅಂತ ಕೆಳಗೆ ಬರೀರಿ. ಈ ಭಾಗದ ಅಸೈನರ್‌ಗಳ ಪರಿಚಯ ನನಗೆ ಸ್ವಲ್ಪ ಇದೆ, ಯಾವ ಕ್ಯಾಂಪಿಗೆ ಹೋದರೆ ಲಾಭ ಅಂತ ಹೇಳಬಲ್ಲೆ.