408 ಸಲ ಸೋತಿದ್ದು ನಿಜವೇ?

ಓದುಗರ ಪತ್ರ: ಅಮೆರಿಕದಲ್ಲಿರುವ ಮಗಳ ಅಡುಗೆಮನೆಯಲ್ಲಿ ‘ಫಾರ್ಮುಲಾ 409’ ಎಂಬ ಸ್ಪ್ರೇ ಬಾಟಲಿ ನೋಡಿದೆ. 408 ಸಲ ಸೋತು 409ನೇ ಸಲ ಗೆದ್ದದ್ದಕ್ಕೆ ಆ ಹೆಸರಂತೆ. ನಿಜವೇ? ನಮ್ಮ ಕಿಟಕಿ ಗಾಜಿನ ಮೇಲೆ ಕೂರುವ ಸಮುದ್ರದ ಉಪ್ಪಿಗೆ ಅದು ಆದೀತೇ?
– ನಿವೃತ್ತ ಶಿಕ್ಷಕಿ, ಕಾಜುಬಾಗ, ಕಾರವಾರ

ಸಂಪಾದಕರ ಉತ್ತರ: ಅಕ್ಕೋರೇ, 408 ಸೋಲಿನ ಕಥೆ ಹೇಳುತ್ತಾ ಬಂದವರು ಕಂಪನಿಯವರೇ. ಆ ಹೆಸರಿಗೆ ಬೇರೆ ಕಥೆಗಳೂ ಇವೆ. ನಾನಂತೂ ಅರ್ಧ ಮಾತ್ರ ನಂಬುತ್ತೇನೆ. ಸೋಲಿನ ಲೆಕ್ಕ ಹೇಳಿದರೆ ಮಾಲು ಚೆನ್ನಾಗಿ ಮಾರಾಟವಾಗುತ್ತದೆ, ಅಲ್ವಾ? ನಿಮ್ಮೂರಲ್ಲಿ ತುಕ್ಕು ಹಿಡಿದ ಬಾಗಿಲಿಗೆ ಹೊಡೆಯುವ ಡಬ್ಲ್ಯೂಡಿ-40ಗೂ ಇಂಥದೇ ಕಥೆ: 1953ರಲ್ಲಿ 40ನೇ ಪ್ರಯತ್ನಕ್ಕೆ ಕೈಗೂಡಿತಂತೆ.

409 ಹುಟ್ಟಿದ್ದು 1957ರಲ್ಲಿ, ಮಿಶಿಗನ್‌ನಲ್ಲಿ. ಮಾರಿಸ್ ರೂಫ್ ಎಂಬವರು ಕಾರ್ಖಾನೆಗಳ ಜಿಡ್ಡು ತೆಗೆಯಲೆಂದು ಅದನ್ನು ಮಾಡಿದರು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಆಮೇಲೆ ಕೊಂಡ ವಿಲ್ಸನ್ ಹ್ಯಾರೆಲ್.

ನನಗೆ ಜಾಸ್ತಿ ಇಷ್ಟವಾಗುವುದು ಹ್ಯಾರೆಲ್ ಸ್ವತಃ ಹೇಳಿಕೊಂಡ ಕಥೆ. 1960ರ ದಶಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ‘ಸಿಂಚ್’ ಎಂಬ ಸ್ಪ್ರೇ ತಯಾರಿಸಿ, ಮೊದಲು ಡೆನ್ವರ್ ಊರಿನಲ್ಲಿ ಮಾರಿ ನೋಡಲು ಹೊರಟಿತು. ಏರಿಯಲ್, ಟೈಡ್ ಮಾಡುವ ದೊಡ್ಡ ಕಂಪನಿ ಅದು. ಎದುರು ನಿಂತು ಜಗಳಾಡಿದರೆ ಹ್ಯಾರೆಲ್ ಉಳಿಯುವಂತಿರಲಿಲ್ಲ. ಅವರು ಸುಮ್ನೆ ಡೆನ್ವರ್‌ಗೆ ಮಾಲು ಕಳಿಸುವುದನ್ನೇ ಬಿಟ್ಟರು. ಜಾಹೀರಾತೂ ಇಲ್ಲ. ಅಂಗಡಿಯಲ್ಲಿ 409 ಖಾಲಿಯಾದ ಮೇಲೆ ಸಿಂಚ್ ಭರ್ಜರಿ ಹೋಯಿತು. ದೊಡ್ಡವರು ಹಿಗ್ಗಿ, ದೇಶವಿಡೀ ಇಳಿಸಲು ಸಜ್ಜಾದರು. ಆಗ ಹ್ಯಾರೆಲ್ ದೊಡ್ಡ ಬಾಟಲಿ, ಸಣ್ಣ ಬಾಟಲಿ ಎರಡನ್ನೂ ಸೇರಿಸಿ 1.48 ಡಾಲರಿಗೆ ಕೊಟ್ಟರು. ಒಟ್ಟು ಎರಡು ಲೀಟರಿಗೂ ಮೇಲೆ! ಜನ ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಒಯ್ದಿಟ್ಟುಕೊಂಡರು. ಸಿಂಚ್ ಅಂಗಡಿಗೆ ಬಂದಾಗ ಕೊಳ್ಳುವವರೇ ಇಲ್ಲ. ಕೊನೆಗೆ ಅದು ಮಾರುಕಟ್ಟೆಯಿಂದಲೇ ಹೋಯಿತು. ಬಾಟಲಿಯೊಳಗಿನ ದ್ರಾವಣಕ್ಕಿಂತ ಅಂಗಡಿಯ ಲೆಕ್ಕಾಚಾರವೇ ಗೆದ್ದಿತು ಎನ್ನಿ. 1970ರಲ್ಲಿ ಹ್ಯಾರೆಲ್ 409 ಅನ್ನು ಕ್ಲೋರಾಕ್ಸ್ ಕಂಪನಿಗೆ ಮಾರಿದರು.

ಇನ್ನು ನಿಮ್ಮ ಕಿಟಕಿ. ಇಂಥ ಸ್ಪ್ರೇಯ ಮುಖ್ಯ ಕೆಲಸ ಜಿಡ್ಡು ಬಿಡಿಸುವುದು. ಎಣ್ಣೆಯನ್ನು ನೀರಿನೊಂದಿಗೆ ಬೆರೆಯುವಂತೆ ಮಾಡುತ್ತದೆ. ನಮ್ಮ ಅಂಟುವಾಳದ ನೊರೆ ಮಾಡುವುದೂ ಅದನ್ನೇ. ಬಂಗಡೆ ಹುರಿದ ಮೇಲೆ ಒಲೆ ಹಿಂದಿನ ಟೈಲ್ಸಿಗೆ ಸರಿ. ಆದರೆ ಗಾಜಿನ ಉಪ್ಪಿಗೆ ಬರೀ ನೀರು ಸಾಕು. ಒಣ ಬಟ್ಟೆಯಲ್ಲಿ ತಿಕ್ಕಬೇಡಿ, ಉಪ್ಪಿನ ಹರಳು, ಮರಳು ಗೀರು ಹಾಕುತ್ತವೆ. ಮೊದಲು ನೀರು ಸುರಿದು ತೊಳೆದು, ಆಮೇಲೆ ಒರೆಸಿ. ಸಮುದ್ರದ ಉಪ್ಪು ಗಾಳಿಯ ತೇವ ಹೀರುತ್ತದೆ. ಹಾಗಾಗಿ ಅಂಚಿನಲ್ಲಿ ಉಳಿದರೆ ಗಾಜು ಮತ್ತೆ ಮಬ್ಬಾಗುತ್ತದೆ. ಇಷ್ಟಕ್ಕೆ ಮಗಳ ಹತ್ತಿರ ಬಾಟಲಿ ತರಿಸಬೇಕಿಲ್ಲ, ಬ್ಯಾಗಿನ ಜಾಗ ಬೇರೆಯದಕ್ಕೆ ಆದೀತು.

ಒಂದು ಮಾತು ಮಾತ್ರ. ಬ್ಲೀಚಿಂಗ್ ಪೌಡರ್ ಹಾಕಿದಲ್ಲಿ ಯಾವ ಸ್ಪ್ರೇಯನ್ನೂ ಹೊಡೆಯಬೇಡಿ. ಅದರ ಜೊತೆ ಅಮೋನಿಯಾ ಇರುವ ಕ್ಲೀನರ್ ಸೇರಿದರೆ ವಿಷಗಾಳಿ ಏಳುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಹುಡುಗಾಟವಲ್ಲ.