ಚೊಂಬಿಗೆ ಕಟ್ಟಿದ್ದ ಕೆಂಪು ದಾರ

ಚಳ್ಳಕೆರೆ ಕಡೆಯ ಕುರಿ ಸಾಕುವ ಕುಟುಂಬ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಯಜಮಾನರಿಗೆ ನಲವತ್ತು ದಾಟಿದೆ. ಬಲ ಪಕ್ಕೆಯ ಕೆಳಗೆ ಭಾರ, ಎರಡು ತುತ್ತು ಉಂಡರೆ ಹೊಟ್ಟೆ ಬಿಗಿತ. ಗ್ಯಾಸ್ಟ್ರಿಕ್ ಅಂತ ಎರಡು ವರ್ಷ ಮಾತ್ರೆ ನುಂಗಿದ್ದರು. ಚಿತ್ರದುರ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ನೀರು ತುಂಬಿದ ಗುಳ್ಳೆ ಕಂಡಿತು. ಹೈಡಾಟಿಡ್ ಗುಳ್ಳೆ.

ನನ್ನ ಹತ್ತಿರ ಬಂದಾಗ ಅವರು ಮಾತೇ ಬಿಟ್ಟಿದ್ದರು. ಹೆಂಡತಿ ಚೀಲದಿಂದ ಸ್ಟೀಲ್ ಚೊಂಬು ತೆಗೆದು ಅವರಿಗೆ ನೀರು ಕೊಟ್ಟರು. ಚೊಂಬಿನ ಕುತ್ತಿಗೆಗೆ ಕೆಂಪು ದಾರ. "ಇದು ಅವರದೇ ಮೇಡಂ, ಬೇರೆಯವರು ಮುಟ್ಟಬಾರದಲ್ಲ" ಎಂದರು. ರಾತ್ರಿ ಯಜಮಾನರು ಕುರಿ ರೊಪ್ಪದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದರಂತೆ, ಮಗನಿಗೆ ಅಂಟೀತು ಅಂತ.

ನನಗೆ ತುಂಬಾ ನೋವಾಯಿತು. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಅಂಟುವುದೇ ಇಲ್ಲ. ಆ ದಾರ ಅವತ್ತೇ ಬಿಚ್ಚಿಸಿದೆ.

"ಮಟನ್ ತಿಂದಿದ್ದಕ್ಕೆ ಬಂತಾ?" ಎಂದು ಹೆಂಡತಿ ಕೇಳಿದರು. ಅಲ್ಲ ಎಂದೆ. "ಕುರಿ ಕೊಯ್ದಾಗ ಲಿವರ್‌ನಲ್ಲಿ ನೀರುಗುಳ್ಳೆ ಇದ್ದರೆ ಏನು ಮಾಡ್ತೀರಿ?"

"ಅದನ್ನ ಯಾರು ತಿಂತಾರೆ? ನಾಯಿಗೆ ಎಸೀತೀವಿ."

ಅಲ್ಲೇ ಇರುವುದು ಗಂಟು. ಆ ಗುಳ್ಳೆ ತಿಂದ ನಾಯಿಯ ಕರುಳಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಲಾಡಿಹುಳುಗಳು ಬೆಳೆಯುತ್ತವೆ. ಮೊಟ್ಟೆ ಹೇಲಿನಲ್ಲಿ ಹೊರಬಂದು ಹುಲ್ಲು, ಮಣ್ಣು, ನಾಯಿಯ ಮೈಕೂದಲು ಸೇರುತ್ತವೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ. ತೊಳೆಯದ ಕೈಯಿಂದ, ಸೊಪ್ಪಿನಿಂದ ನಮ್ಮ ಹೊಟ್ಟೆಗೆ. ಮೊಟ್ಟೆಯಿಂದ ಹೊರಬಂದ ಮರಿಹುಳು ಮೈಯೊಳಗೆ ಗುಳ್ಳೆಯಾಗುತ್ತದೆ. ಜಾಸ್ತಿ ಲಿವರ್‌ನಲ್ಲೇ ನಿಲ್ಲುತ್ತದೆ, 100ಕ್ಕೆ ಸುಮಾರು 70 ಜನರಲ್ಲಿ. ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಎದೆನೋವು. ಗುಳ್ಳೆ ನಿಧಾನಕ್ಕೆ ಬೆಳೆಯುವುದರಿಂದ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಇವರಿಗೆ ಚಿಕ್ಕಂದಿನಲ್ಲೇ ಸೇರಿದ್ದರೂ ಸೇರಿರಬಹುದು. ತಮ್ಮದೇ ತಪ್ಪು ಎಂದು ಕೊರಗುವುದು ಬೇಡ ಎಂದೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಿದೆ. ಹೊಟ್ಟೆ ತಿಕ್ಕಿಸಬಾರದು. ಊರಲ್ಲಿ ಯಾರೋ ಎಣ್ಣೆ ಹಚ್ಚಿ ಗಡ್ಡೆ ಕರಗಿಸುತ್ತೇನೆ ಎಂದಿದ್ದರಂತೆ. ಗುಳ್ಳೆ ಒಡೆದರೆ ಮೈಯೆಲ್ಲ ತುರಿಕೆ, ದದ್ದು, ಉಸಿರು ಕಟ್ಟುವುದು, ಬಿ.ಪಿ. ಕುಸಿಯುವುದು ಆಗಿ ಜೀವಕ್ಕೇ ಅಪಾಯ. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆ. ಡಾಕ್ಟರು ಬರೆದ ಆಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹಾಗೆ ಒಂದೇ ಮಾತ್ರೆಗೆ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ನಡುನಡುವೆ ರಕ್ತಪರೀಕ್ಷೆ ತಪ್ಪಿಸಬಾರದು. ಮನೆಮಂದಿಗೂ ಒಂದು ಸ್ಕ್ಯಾನ್ ಮಾಡಿಸಿ ಎಂದೆ. ಇವರಿಂದ ಅಂಟಿರುತ್ತೆ ಅಂತಲ್ಲ, ಎಲ್ಲರೂ ಅದೇ ಅಂಗಳದಲ್ಲಿ ಬದುಕಿದವರು ಅಂತ.

"ನಾಯಿ ಬಿಟ್ಟುಬಿಡಬೇಕಾ?" ಮಗ ಕೇಳಿದ. ಕಣ್ಣು ತುಂಬಿತ್ತು. ಬೇಡ ಕಂದಾ ಎಂದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಅದಕ್ಕೆ ಲಾಡಿಹುಳು ಸಾಯಿಸುವ ಪ್ರಾಜಿಕ್ವಾಂಟೆಲ್ ಮಾತ್ರೆ ಹಾಕಿಸಿ, ವರ್ಷಕ್ಕೆ ಕನಿಷ್ಠ 4 ಸಲ. ಅದನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳಿ. ಗುಳ್ಳೆ ಇರುವ ಲಿವರ್, ಶ್ವಾಸಕೋಶವನ್ನು ಸುಡಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ.

ಆಪರೇಷನ್ ಅಂದರೆ ಅವರಿಗೆ ಈಗಲೂ ಭಯ. ಸರ್ಜನ್ ಹತ್ತಿರ ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಕೂತು ಬರೆದೆವು. ಮೊದಲನೆಯದು ಅವರದೇ: "ಎಷ್ಟು ದಿನಕ್ಕೆ ಕುರಿ ಹಿಂದೆ ಹೋಗಬಹುದು?"